ಬುಧವಾರ ಎಣಿಸಿದ ಗುರುವಾರದ ಉಸಿರು

ಆಗಲಿರುವುದು ತಮಗೆ ಮೊದಲೇ ತಿಳಿದಿತ್ತೆಂದು ಯಾರಾದರೂ ಹೇಳಿದರೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಅದನ್ನು ಆವತ್ತೇ ಎಲ್ಲಾದರೂ ಬರೆದಿಟ್ಟಿದ್ದೀರಾ?" ಬರೆದಿಟ್ಟವರು ಯಾರೂ ಸಿಗುತ್ತಿರಲಿಲ್ಲ. ಮನುಷ್ಯನ ನೆನಪು ಘಟನೆಯಾದ ಮೇಲೆ ಹಿಂದಕ್ಕೆ ಹೋಗಿ ತಾರೀಖುಗಳನ್ನು ತನಗೆ ಬೇಕಾದಂತೆ ಜೋಡಿಸಿಕೊಳ್ಳುತ್ತದೆ ಎಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಸಂಶೋಧನೆಯಲ್ಲಿ ಕಳೆದ ವರ್ಷಗಳು ನನಗೆ ಕಲಿಸಿದ್ದರಲ್ಲಿ ಮುಖ್ಯವಾದುದು ಇದೇ. ಆದ್ದರಿಂದ ಈಗ ಹೇಳಲಿರುವುದನ್ನು ಹೇಳಲು ನನಗೆ ಸಂಕೋಚವಿದೆ. ನನ್ನ ಪ್ರಸಂಗದಲ್ಲಿ ಬರೆದಿಟ್ಟ ಕಾಗದವಿದೆ. ತೊಂದರೆ ಇರುವುದೇ ಅಲ್ಲಿ.

ಬೇರೊಂದು ಪದವಿ ಮುಗಿಸಿದವರಿಗಾಗಿಯೇ ಇರುವ ತ್ವರಿತ ನರ್ಸಿಂಗ್ ಕೋರ್ಸಿಗೆ ಸೇರಲು ಹೊರಟವರು ಆಗಾಗ ನನ್ನಲ್ಲಿಗೆ ಬಂದು, ಅಲ್ಲಿ ಏನನ್ನು ನಿರೀಕ್ಷಿಸಬೇಕೆಂದು ಕೇಳುತ್ತಾರೆ. ನಾಲ್ಕು ವರ್ಷಗಳ ಪಾಠವನ್ನು ಎರಡು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ನುಂಗಬೇಕಾಗುತ್ತದೆ, ರಜೆಯೆಂಬುದು ಹೆಸರಿಗೆ ಮಾತ್ರ, ಹಳೆಯ ಪದವಿಯ ಹೆಮ್ಮೆ ಹಾಸಿಗೆಯ ಚಾದರದ ಮೂಲೆ ಮಡಚಲು ಕಲಿಯುವ ಮೊದಲ ವಾರದಲ್ಲೇ ಇಳಿದುಹೋಗುತ್ತದೆ ಎಂದೆಲ್ಲ ಹೇಳಿ ಕಳುಹಿಸುತ್ತೇನೆ. ಒಂದು ಸಂಗತಿಯನ್ನು ಮಾತ್ರ ಇದುವರೆಗೆ ಹೇಳಿಲ್ಲ.

ನಾನು ಮೊದಲು ಮೀನುಗಾರಿಕೆಗೆ ಸಂಬಂಧಿಸಿದ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಪತಿಯ ಉದ್ಯೋಗದ ಕಾರಣದಿಂದ ದೋಹಾಕ್ಕೆ ಹೋಗಿ ಅಲ್ ಸದ್ದ್‌ನ ಫ್ಲ್ಯಾಟೊಂದರಲ್ಲಿ ನೆಲೆಸಿದಾಗ ನನಗೆ ಮೂವತ್ತೊಂಬತ್ತು ವರ್ಷ. ಅಲ್ಲಿ ನನ್ನ ವಿಷಯದಲ್ಲಿ ಕೆಲಸವಿರಲಿಲ್ಲ. ಎರಡು ವರ್ಷ ಕಿಟಕಿಯಿಂದ ಬಸ್ಸುಗಳನ್ನು ನೋಡಿ ಕಳೆದ ಬಳಿಕ ಈ ಕೋರ್ಸಿಗೆ ಅರ್ಜಿ ಹಾಕಿದೆ. ತರಗತಿಯಲ್ಲಿ ನಾನೇ ಹಿರಿಯಳು. ನನ್ನ ಪಾಲಿಗೆ ಅದು ಕೊನೆಯ ಅವಕಾಶವಾಗಿತ್ತು. ಅಲ್ಲಿಂದ ಹೊರಬಿದ್ದರೆ ಮರಳಿ ಹೋಗಲು ಆ ಕಿಟಕಿಯೊಂದೇ ಉಳಿದಿತ್ತು.

ಅಂಥ ಅವಸರದ ಕೋರ್ಸಿನಲ್ಲಿ ಎಲ್ಲರನ್ನೂ ಒಮ್ಮೆಯಾದರೂ ಎಡವಿಸುವ ಒಂದು ತಪ್ಪಿದೆ. ಎರಡು ಗಂಟೆಗೆ ನೋಡಿ ಬರೆಯಬೇಕಾದುದನ್ನು ಒಂದೂಮುಕ್ಕಾಲಿಗೇ ಬರೆದಿಡುವುದು. ಜ್ವರ, ನಾಡಿ, ರಕ್ತದೊತ್ತಡಗಳನ್ನು ಯಂತ್ರ ತೋರಿಸುತ್ತದೆ. ಉಸಿರನ್ನು ಮಾತ್ರ ರೋಗಿಯ ಎದೆಯನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಆ ಒಂದು ನಿಮಿಷ ಯಾರ ಬಳಿಯೂ ಇರುವುದಿಲ್ಲ. ಹಾಗಾಗಿ ಆರಾಮವಾಗಿ ಕಾಣುವ ರೋಗಿಯ ಎದುರು ಎಲ್ಲರೂ ಹದಿನೆಂಟು ಎಂದು ಬರೆಯುತ್ತಾರೆ. ನಾನೂ ಬರೆದೆ. ಪ್ರಯೋಗಾಲಯದಲ್ಲಿ ಎಂದೂ ನೋಡದೆ ಅಂಕಣ ತುಂಬದಿದ್ದ ನಾನು ಮೂರು ತಿಂಗಳಲ್ಲಿ ಅಲ್ಲಿಗೆ ಬಂದು ಮುಟ್ಟಿದ್ದೆ.

ನಮ್ಮ ವಾರ್ಡಿನ ಶಿಕ್ಷಕಿ ಬೆನೆಡಿಕ್ಟಾ ಮೇಡಂ ಉಡುಪಿಯ ಕಡೆಯವರು. ಇತರರ ಮುಂದೆ ಇಂಗ್ಲಿಷಿನಲ್ಲಿ ಗದರಿಸುತ್ತಿದ್ದ ಅವರು ನನ್ನೊಬ್ಬಳನ್ನು ಮಾತ್ರ ಚಾದರಗಳನ್ನಿಡುವ ಲಿನನ್ ಕೋಣೆಗೆ ಕರೆದು ಕನ್ನಡದಲ್ಲಿ ಗದರಿಸುತ್ತಿದ್ದರು. ಇನ್ನೂ ಬಾರದ ಗಂಟೆಯ ಎದುರು ನಾನು ಬರೆದಿಟ್ಟಿದ್ದ ಹದಿನೆಂಟು ಫೆಬ್ರವರಿಯ ಕೊನೆಯ ವಾರ ಅವರ ಕಣ್ಣಿಗೆ ಬಿತ್ತು.

"ನೀವು ದೊಡ್ಡ ಲ್ಯಾಬಿನಿಂದ ಬಂದವರು ಅಲ್ವಾ? ಅಲ್ಲಿ ಮೀನು ಹಿಡಿಯುವ ಮೊದಲೇ ತೂಕ ಬರೀತಿದ್ರಾ?" ಎಂದರು. "ಇದು ವಾರ್ನಿಂಗ್. ಇನ್ನೊಮ್ಮೆ ಸಿಕ್ಕಿದರೆ ಖಲಾಸ್. ನಾನೇ ಸೈನ್ ಮಾಡಿ ಮನೆಗೆ ಕಳಿಸ್ತೇನೆ. ಊರಿನವಳು ಅಂತ ಬಿಡುವ ಜನ ನಾನಲ್ಲ."

ಅವರು ಬಿಡುವವರಲ್ಲವೆಂದು ನನಗೂ ಗೊತ್ತಿತ್ತು.

ಇನ್ನು ಆ ಎರಡು ದಿನಗಳು. ತಾರೀಖುಗಳನ್ನು ನನ್ನ ದಿನಚರಿ, ವಾರ್ಡಿನ ಪಾಳಿಪಟ್ಟಿಯ ಪ್ರತಿ ಮತ್ತು ಪತಿಯ ಕಚೇರಿ ಡೈರಿ ಮೂರನ್ನೂ ಇಟ್ಟು ತಾಳೆ ನೋಡಿದ್ದೇನೆ. 2008ರ ಮಾರ್ಚ್ ತಿಂಗಳ ಎರಡನೆಯ ಬುಧವಾರ ಮತ್ತು ಅದರ ಮರುದಿನ. ಬುಧವಾರ ಎಂಬುದರಲ್ಲಿ ಸಂದೇಹವಿಲ್ಲ. ದೂಳಿನಿಂದಾಗಿ ಕಚೇರಿಯಿಂದ ಬೇಗ ಹೊರಟುದನ್ನು ಪತಿ ಆ ದಿನದ ಪುಟದಲ್ಲಿ ಗುರುತು ಮಾಡಿದ್ದಾರೆ.

ಅಂದು ಬೆಳಗಿನಿಂದಲೇ ದೂಳು ಎದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಎದುರಿನ ಕಟ್ಟಡ ಮಾಯವಾಗಿ, ಕಿಟಕಿಯಲ್ಲಿ ಅರಿಶಿನ ಕದಡಿದ ನೀರಿನಂಥ ಬೆಳಕೊಂದೇ ಉಳಿಯಿತು. ಪಾಠಗಳು ರದ್ದಾದವು. ಮರುದಿನದ ವಾರ್ಡಿನ ಪಾಳಿಯ ಭಯದಿಂದ ನಾನು ಒಬ್ಬಳೇ, ನಾವು ಲ್ಯಾಬ್ ಎನ್ನುತ್ತಿದ್ದ ಅಭ್ಯಾಸದ ಕೊಠಡಿಗೆ ಹೋದೆ. ಅಲ್ಲಿ ನಾಲ್ಕು ಹಾಸಿಗೆಗಳು. ನಾಲ್ಕರಲ್ಲೂ ಮನುಷ್ಯನಳತೆಯ ಬೊಂಬೆಗಳು. ಕಿಟಕಿಯ ಬಳಿಯ ಬೊಂಬೆಗೆ ಮಾತ್ರ ಎದೆ ಏರಿಳಿಯುವ ವ್ಯವಸ್ಥೆಯಿತ್ತು. ನಾನು ಅದರ ಪಕ್ಕದಲ್ಲಿ ಕುಳಿತು, ವಾರ್ಡಿನ ಖಾಲಿ ನಮೂನೆಯೊಂದನ್ನು ಮಡಿಲಲ್ಲಿಟ್ಟುಕೊಂಡು, ಬೊಂಬೆಯ ಮಣಿಕಟ್ಟನ್ನು ಹಿಡಿದೆ. ಉಸಿರನ್ನು ಎಣಿಸುವಾಗ ಹಾಗೆ ಮಾಡುವುದು ಪದ್ಧತಿ. ತನ್ನ ಉಸಿರನ್ನು ಯಾರೋ ಗಮನಿಸುತ್ತಿದ್ದಾರೆಂದು ತಿಳಿದೊಡನೆ ಮನುಷ್ಯನ ಉಸಿರಾಟ ಬದಲಾಗುತ್ತದೆ. ಆದ್ದರಿಂದ ನಾಡಿ ನೋಡುವವರಂತೆ ಕೈ ಹಿಡಿದು, ಕಣ್ಣನ್ನು ಮಾತ್ರ ಎದೆಯ ಮೇಲಿಡಬೇಕು. ಬೊಂಬೆಯ ಮುಂದೆ ಆ ನಟನೆ ಬೇಕಿರಲಿಲ್ಲ. ಆದರೂ ಹಿಡಿದೆ.

ಎಲ್ಲ ಸದ್ದೂ ದೂಳಿನೊಳಗೆ ಹೂತುಹೋಗಿತ್ತು. ಎದೆ ಏರಿತು, ಇಳಿಯಿತು. ನಾನು ಎಣಿಸತೊಡಗಿದೆ. ಉಸಿರು ಸಣ್ಣದಾಗಿತ್ತು, ಅವಸರದ್ದಾಗಿತ್ತು. ದೂರದಿಂದ ಯಾರೋ ಓಡಿಬಂದು, ಓಡಿದ್ದನ್ನು ಮುಚ್ಚಿಡಲು ಯತ್ನಿಸುವಂತಿತ್ತು. ಆ ಹಳದಿ ಬೆಳಕಿನಲ್ಲಿ ಕೊಠಡಿಯೇ ಆ ಎದೆಯೊಂದಿಗೆ ಏರಿ ಇಳಿಯುತ್ತಿದೆ ಎನಿಸಿತು. ನನಗೆ ಹೆದರಿಕೆಯಾಗಲಿಲ್ಲ, ವಿಚಿತ್ರವಾದ ನೆಮ್ಮದಿಯಿತ್ತು. ತಿಂಗಳುಗಳ ನಂತರ ಮೊದಲ ಬಾರಿಗೆ ನಾನು ಒಂದು ನಿಮಿಷವನ್ನು ಪೂರ್ತಿಯಾಗಿ ಕಳೆಯುತ್ತಿದ್ದೆ. ನಿಮಿಷ ಮುಗಿದಾಗ ಬರೆದದ್ದು ನೆನಪಿದೆ. ಏನು ಬರೆದೆನೆಂಬುದು ನೆನಪಿಲ್ಲ. ನಮೂನೆಯನ್ನು ಫೈಲಿಗೆ ಸೇರಿಸಿದೆ. ಆಮೇಲೆ ಸ್ವಲ್ಪ ಹೊತ್ತು ನಿದ್ರೆ ಹೋಗಿರಬೇಕು.

ಎಬ್ಬಿಸಿದವನು ಕೊಠಡಿಯನ್ನು ನೋಡಿಕೊಳ್ಳುತ್ತಿದ್ದ ಉಳ್ಳಾಲದ ಅಬ್ದುಲ್ಲ, ನನ್ನದೇ ವಯಸ್ಸಿನವನು; ತರಗತಿಯ ಹಿರಿಯಳೆಂದು ನನ್ನನ್ನು ತಮಾಷೆಗೆ ಟೀಚರಕ್ಕ ಎನ್ನುತ್ತಿದ್ದ. "ಟೀಚರಕ್ಕಾ, ಯಲ್ಲಾ, ಏಳಿ. ಬಾಗಿಲು ಹಾಕ್ಲಿಕ್ಕುಂಟು. ಬೊಂಬೆ ಒಟ್ಟಿಗೆ ನೀವೂ ಒಂದು ಬೊಂಬೆ ಆಗಿದ್ದೀರಲ್ಲ!"

ಈ ಬೊಂಬೆಯ ಉಸಿರಾಟದ ವೇಗವನ್ನು ಯಾರು ಅಷ್ಟು ಹೆಚ್ಚಿಸಿಟ್ಟರೆಂದು ಕೇಳಿದೆ.

ಅವನು ನನ್ನ ಮುಖ ನೋಡಿದ. "ಎಂಥ ಉಸಿರು? ಅದರ ಮೋಟರು ಬೆಳಿಗ್ಗೆಯೇ ರಿಪೇರಿಗೆ ಹೋಗಿದೆ ಅಕ್ಕ. ಬನ್ನಿ, ನೋಡಿ." ಹಾಸಿಗೆಯ ಕೆಳಗಿನ ಪೆಟ್ಟಿಗೆಯನ್ನು ಎಳೆದು ತೋರಿಸಿದ. ಒಳಗೆ ತುಂಡಾಗಿ ನೇತಾಡುವ ರಬ್ಬರ್ ಕೊಳವೆಯ ಹೊರತು ಏನೂ ಇರಲಿಲ್ಲ. "ಓದಿ ಓದಿ ನಿಮ್ಮ ತಲೆಯ ಮೋಟರು ಹೋಗಿದೆ. ಹೋಗಿ ಒಂದು ಚಾಯ ಕುಡೀರಿ."

ನಾನೂ ನಕ್ಕೆ. ಕನಸು ಕಂಡೆನೆಂದು ತೀರ್ಮಾನಿಸಿದೆ. ದಿನಚರಿಯಲ್ಲಿ ಅಂದು ಬರೆದಿರುವುದು ಇಷ್ಟೇ: "ದೂಳು. ಲ್ಯಾಬಿನಲ್ಲಿ ನಿದ್ದೆ. ಬೊಂಬೆ ಉಸಿರಾಡಿದಂತೆ ಕನಸು."

ಮರುದಿನ, ಗುರುವಾರ, ಆಕಾಶ ತೊಳೆದಂತಿತ್ತು. ಬೆಳಗಿನ ಹಂಚಿಕೆಯಲ್ಲಿ ನನಗೆ ಆರನೆಯ ಹಾಸಿಗೆ ಬಂತು. ರೋಗಿ ಸದಾಶಿವಣ್ಣ, ಮೂಡುಬಿದಿರೆಯವರು, ಇಂಡಸ್ಟ್ರಿಯಲ್ ಏರಿಯಾದ ಗೋದಾಮೊಂದರಲ್ಲಿ ಸ್ಟೋರ್ ಕೀಪರ್. ಕಾಲಿನ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿ, ಬೇರೊಂದು ವಾರ್ಡಿನಿಂದ ಹಿಂದಿನ ಸಂಜೆ ಆರಕ್ಕೆ ನಮ್ಮಲ್ಲಿಗೆ ಬಂದಿದ್ದರು. ಬೆಳಗ್ಗೆಯಿಡೀ ತಮಾಷೆ ಮಾಡುತ್ತಲೇ ಇದ್ದರು. ಅವರ ಹಾಳೆಯಲ್ಲಿ ಬಂದಾಗಿನಿಂದ ಉಸಿರಿನ ಅಂಕಣದಲ್ಲಿ ಹದಿನೆಂಟು, ಹದಿನೆಂಟು, ಹದಿನೆಂಟು. ಬೆಳಗಿನ ಹತ್ತು ಗಂಟೆಯ ಹದಿನೆಂಟು ನನ್ನದು. ನಾಚಿಕೆಯಿಂದಲೇ ಹೇಳುತ್ತಿದ್ದೇನೆ, ಅರ್ಧ ನಿಮಿಷವೂ ಎಣಿಸಿರಲಿಲ್ಲ.

ಎರಡು ಗಂಟೆಗೆ ಹತ್ತು ನಿಮಿಷವಿರುವಾಗ ಪೆನ್ಸಿಲು ಹುಡುಕುತ್ತ ನನ್ನ ಫೈಲನ್ನು ತೆರೆದೆ. ಹಿಂದಿನ ದಿನದ ನಮೂನೆ ಮೇಲೆಯೇ ಇತ್ತು. ಅದರಲ್ಲಿ ಆ ದಿನದ, ಅಂದರೆ ಗುರುವಾರದ, ತಾರೀಖು. ಸಮಯ: 14:00. ಹಾಸಿಗೆ: 6. ಉಸಿರು: 28. ಉಳಿದ ಅಂಕಣಗಳೆಲ್ಲ ಖಾಲಿ. ಅಕ್ಷರ ನನ್ನದೇ.

ರೋಗಿಯ ವಿಚಾರ ಆ ಕ್ಷಣದಲ್ಲಿ ನನಗೆ ಹೊಳೆಯಲೇ ಇಲ್ಲ. ಇನ್ನೂ ಬಾರದ ಗಂಟೆಯ ಎದುರು ಬರೆದಿಟ್ಟ ಸಂಖ್ಯೆ, ನನ್ನ ಕೈಬರಹದಲ್ಲಿ, ನನ್ನ ಫೈಲಿನಲ್ಲಿ. ಬೆನೆಡಿಕ್ಟಾ ಮೇಡಂ ಕಂಡರೆ ಅಂದೇ ನಾನು ಮನೆಯಲ್ಲಿರುತ್ತಿದ್ದೆ. ಹರಿದು ಕಸಕ್ಕೆ ಹಾಕಲು ಅರ್ಧ ಮಡಚಿಯೂ ಇದ್ದೆ. ಆ ಮಡಿಕೆ ಈಗಲೂ ಕಾಗದದ ಮೇಲಿದೆ. ಹರಿಯದಿರಲು ಕಾರಣ ಧೈರ್ಯವಲ್ಲ, ಹಳೆಯ ಅಭ್ಯಾಸ. ದಾಖಲೆಯನ್ನು ಹರಿಯಲು ನನ್ನ ಕೈಗೆ ಬರುವುದಿಲ್ಲ. ಮರಳಿ ಫೈಲಿಗೆ ತುರುಕಿ ಆರನೆಯ ಹಾಸಿಗೆಗೆ ಹೋದೆ.

ಸದಾಶಿವಣ್ಣನ ಮಣಿಕಟ್ಟು ಹಿಡಿದು ಎದೆಯನ್ನು ನೋಡಿದೆ.

"ಎಂತ ಸಿಸ್ಟರೆ, ಬೆಳಿಗ್ಗೆ ಮುಟ್ಟಿದ ಹಾಗೆ ಮಾಡಿ ಓಡಿದಿರಿ. ಈಗ ಕೈ ಬಿಡುದೇ ಇಲ್ಲ?"

"ಮಾತಾಡಬೇಡಿ ಅಣ್ಣ, ಒಂದು ನಿಮಿಷ."

"ನನ್ನ ಎದೆಯಲ್ಲಿ ಟೀವಿ ಉಂಟಾ, ಹಾಗೆ ನೋಡ್ಲಿಕ್ಕೆ?" ಎಂದು ನಕ್ಕರು. ನಗು ನಡುವೆಯೇ ತುಂಡಾಯಿತು.

ಸಣ್ಣ ಉಸಿರು, ಅವಸರದ್ದು. ಓಡಿದ್ದನ್ನು ಮುಚ್ಚಿಡುವ ಉಸಿರು. ಅದನ್ನು ನಾನು ಗುರುತಿಸಿದೆ. ಬೇರೆ ಪದ ನನಗೆ ಸಿಗುತ್ತಿಲ್ಲ. ಅರುವತ್ತನೆಯ ಸೆಕೆಂಡಿಗೆ ಇಪ್ಪತ್ತೆಂಟು.

ನೋಡಲು ಮನುಷ್ಯ ಚೆನ್ನಾಗಿಯೇ ಇದ್ದರು. ಹಾಳೆಯಲ್ಲಿ ಹದಿನೆಂಟರ ಸಾಲೇ ಇತ್ತು. ಹದಿನೆಂಟೆಂದು ಬರೆದರೆ ಯಾರೂ ಕೇಳುತ್ತಿರಲಿಲ್ಲ. ಕರೆದರೆ ವರದಿಗೆಂದು ನನ್ನ ಫೈಲು ಮೇಡಂ ಕೈಗೆ ಹೋಗುವುದು ಖಂಡಿತವಿತ್ತು. ಎಷ್ಟು ಹೊತ್ತು ನಿಂತೆನೋ ಹೇಳಲಾರೆ, ಬಹಳ ಹೊತ್ತಲ್ಲ. ಹೋಗಿ ಮೇಡಂ ಅವರನ್ನು ಕರೆದೆ. ಸಂಖ್ಯೆಯನ್ನು ಹೇಳಲಿಲ್ಲ. ನನ್ನ ಎಣಿಕೆಯನ್ನೇ ನಾನು ನಂಬುತ್ತಿರಲಿಲ್ಲ. ಆ ಕಾಗದ ನನ್ನ ಕಣ್ಣನ್ನು ಕೆಡಿಸಿರಬಹುದು ಎಂಬ ಅನುಮಾನವಿತ್ತು. "ನೀವೇ ಒಮ್ಮೆ ಎಣಿಸಿ ಮೇಡಂ" ಎಂದೆ ಅಷ್ಟೆ.

ಅವರು ಎಣಿಸಿದರು. "ಇಪ್ಪತ್ತೆಂಟು," ಎಂದು ಮೆಲ್ಲನೆ ಹೇಳಿ, ಮರುಕ್ಷಣ ಗಟ್ಟಿಯಾಗಿ ವೈದ್ಯರನ್ನು ಕೂಗಿದರು. ಆಮೇಲೆ ಆಮ್ಲಜನಕ, ಓಡುವ ಚಕ್ರಗಳು, ಸ್ಕ್ಯಾನ್. ಕಾಲಿನಿಂದ ರಕ್ತದ ಹೆಪ್ಪೊಂದು ಮೇಲೇರಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿತ್ತು. ಆ ಹೊತ್ತಿಗೆ ತಿಳಿದದ್ದರಿಂದ ಸದಾಶಿವಣ್ಣ ಬದುಕಿದರು.

ಸಂಜೆ ಮೇಡಂ ನನ್ನನ್ನು ಲಿನನ್ ಕೋಣೆಗೆ ಕರೆದರು. ವರದಿಗೆಂದು ತೆಗೆದುಕೊಂಡಿದ್ದ ನನ್ನ ಫೈಲು ಅವರ ಕೈಯಲ್ಲಿತ್ತು; ಮಡಿಕೆಯ ಕಾಗದ ಮೇಲೆ.

"ಇದು ಯಾವಾಗ ಬರೆದದ್ದು?"

ಇವತ್ತು ಎನ್ನಬಹುದಿತ್ತು. ಸಂಖ್ಯೆ ಸರಿಯಿತ್ತು, ಗಂಟೆ ಸರಿಯಿತ್ತು, ತಾರೀಖು ಸರಿಯಿತ್ತು. ಸುಳ್ಳು ಹೇಳಿದ್ದರೆ ಅದಕ್ಕಿಂತ ಅಚ್ಚುಕಟ್ಟಾದ ಸುಳ್ಳು ಇರುತ್ತಿರಲಿಲ್ಲ. "ನಿನ್ನೆ ಮೇಡಂ," ಎಂದೆ. ದೂಳು, ಬೊಂಬೆ, ಇಲ್ಲದ ಮೋಟರು, ಎಲ್ಲವನ್ನೂ ಹೇಳಿದೆ.

ಅವರು ನಗಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ನೋಡಿದರು. "ಸದಾಶಿವಣ್ಣ ಈ ವಾರ್ಡಿಗೆ ಬಂದದ್ದೇ ನಿನ್ನೆ ಸಂಜೆ," ಎಂದರು. ಆಮೇಲೆ ತಮ್ಮ ಎಂದಿನ ಗಡುಸು ದನಿಯಲ್ಲಿ, "ಇದರಲ್ಲಿ ಪೇಷೆಂಟ್ ಹೆಸರು ಎಲ್ಲುಂಟು? ಫೈಲ್ ನಂಬರ್ ಎಲ್ಲುಂಟು? ಎರಡು ಗುರುತು ಇಲ್ಲದ ಕಾಗದ ಯಾರದ್ದೂ ಅಲ್ಲ ಅಂತ ಮೊದಲ ದಿನವೇ ಕಲಿಸಿಲ್ವಾ? ಯಾರದ್ದೂ ಅಲ್ಲದ ಕಾಗದಕ್ಕೆ ನಾನು ಯಾರನ್ನು ಮನೆಗೆ ಕಳಿಸುದು?" ಎಂದರು.

ಕಾಗದವನ್ನು ನನ್ನ ಕೈಗಿಟ್ಟರು. ಬಾಗಿಲ ಬಳಿ ನಿಂತು ಒಂದು ಮಾತು ಸೇರಿಸಿದರು: "ಹತ್ತು ಗಂಟೆಗೆ ಬರೆದ ಹದಿನೆಂಟು ಎಣಿಸಿದ್ದಾ?"

"ಇಲ್ಲ ಮೇಡಂ."

"ಗೊತ್ತಿತ್ತು," ಎಂದರು. ಆಮೇಲೆ ನನ್ನತ್ತ ನೋಡದೆ, "ನಿನ್ನೆ ಸಂಜೆ ಆರು ಗಂಟೆಯ ಹದಿನೆಂಟು ನನ್ನದು," ಎಂದು ಹೊರಟುಹೋದರು. ಆ ವಿಷಯವನ್ನು ನಾವಿಬ್ಬರೂ ಮತ್ತೆಂದೂ ಮಾತಾಡಲಿಲ್ಲ.

ನಾನು ಕೋರ್ಸು ಮುಗಿಸಿದೆ, ವಾರ್ಡುಗಳಲ್ಲಿ ದುಡಿದೆ, ಆಮೇಲೆ ಆ ಕ್ಷೇತ್ರದಲ್ಲೇ ಸಂಶೋಧನೆಗೆ ಮರಳಿ ನಿವೃತ್ತಳಾದೆ. ಈ ಕಾಗದವನ್ನು ಎಷ್ಟು ಬಾರಿ ಪರಿಶೀಲಿಸಿದ್ದೇನೋ ಲೆಕ್ಕವಿಲ್ಲ. ತಾರೀಖು ತಪ್ಪಿ ಬರೆದಿರಬಹುದು. ಆ ವಾರದ ದಿನಚರಿಯಲ್ಲೇ ಅಂಥ ತಪ್ಪು ಒಂದು ಕಡೆ ಇದೆ. ಮರುದಿನದ ಭಯವೇ ನಿದ್ದೆಗಣ್ಣಿನಲ್ಲಿ ಎರಡು ಗಂಟೆಯನ್ನು ಬರೆಯಿಸಿರಬಹುದು. ನಾಲ್ಕೇ ಹಾಸಿಗೆಗಳ ಕೊಠಡಿಯಲ್ಲಿ ಆರು ಎಂದು ಬರೆದದ್ದು ಆಕಸ್ಮಿಕವಿರಬಹುದು. ಒಂದೊಂದನ್ನೂ ಬಿಡಿಯಾಗಿ ವಿವರಿಸಬಲ್ಲೆ. ಇಪ್ಪತ್ತೆಂಟರ ಜೊತೆ ಸೇರಿ ಅವೆಲ್ಲ ಒಂದೇ ಸಾಲಿನಲ್ಲಿ ಕುಳಿತಿರುವುದನ್ನು ವಿವರಿಸಲಾರೆ. ಆ ಉಸಿರನ್ನು ನಾನು ಗುರುತಿಸಿದೆ ಎಂಬುದನ್ನಂತೂ ಯಾವ ಅಂಕಣದಲ್ಲಿ ಹಾಕಲಿ?

ನಿವೃತ್ತಿಯ ನಂತರ ಹಳೆಯ ದಿನಚರಿಗಳಿಗೆಲ್ಲ ಒಂದು ಸೂಚಿಯನ್ನು ಸಿದ್ಧಪಡಿಸಿದೆ. ತಾರೀಖು, ಸ್ಥಳ, ಘಟನೆ, ಕಾರಣ ಎಂದು ನಾಲ್ಕು ಅಂಕಣಗಳು. ಆ ಗುರುವಾರದ ಎದುರು ಮೂರು ತುಂಬಿವೆ. ನಾಲ್ಕನೆಯದಕ್ಕೆ ಹಲವು ಬಾರಿ ಲೇಖನಿ ಹಿಡಿದು ಹೋಗಿದ್ದೇನೆ. ಒಪ್ಪುವಂಥ ಮಾತುಗಳು ಹೊಳೆದದ್ದೂ ಉಂಟು. ಬರೆದರೆ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಅದು ನಾನು ಎಣಿಸದೆ ಬರೆದ ಇನ್ನೊಂದು ಹದಿನೆಂಟಾಗುತ್ತದೆ. ಖಾಲಿ ಬಿಟ್ಟಿದ್ದೇನೆ.