ಅಪ್ಪನ ಕೈಗೆ ಪ್ಲಾಸ್ಟರ್

ಇಂಟರ್ನ್‌ಶಿಪ್ ಮಾಡುತ್ತ ಆರ್ಥೋಪೆಡಿಕ್ಸ್ ಪಿಜಿ ಸೀಟಿಗೆ ಓದುತ್ತಿದ್ದಾಗ, "ಮೂಳೆ ಎಳೆದು ಕೂರಿಸಲು ಹುಡುಗಿಯರಿಗೆ ಅಷ್ಟು ಬಲ ಎಲ್ಲಿಂದ?" ಎಂದವರೇ ಹೆಚ್ಚು. ನೆರೂಳಿನ ಆಸ್ಪತ್ರೆಯಲ್ಲಿ ನಾನು ಹಾಕಿದ ಮೊದಲ ಪ್ಲಾಸ್ಟರ್ ಸಡಿಲವಾಗಿ, ಹಿರಿಯ ಡಾಕ್ಟರು ಬಿಚ್ಚಿಸಿದರು. ಡೊಂಬಿವಲಿಯ ಮನೆಗೆ ಬಂದು ಅತ್ತುಬಿಟ್ಟೆ. ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ಅಪ್ಪ, ಏನೂ ಆಗದ ತಮ್ಮ ಎಡಗೈಯನ್ನು ನನ್ನ ಮುಂದೆ ಚಾಚಿದರು.

"ಇದರ ಮೇಲೆ ಕಲಿ ಮಗಾ."

ಆಮೇಲೆ ರಜೆ ಸಿಕ್ಕಾಗಲೆಲ್ಲ ಪ್ಲಾಸ್ಟರ್ ಪಟ್ಟಿಯನ್ನು ಬಕೆಟಿನಲ್ಲಿ ನೆನೆಸಿ ಅವರ ಕೈಗೆ ಸುತ್ತುತ್ತಿದ್ದೆ. ಮೊದಲ ಸಲ ಅಪ್ಪ ಬೆಚ್ಚಿದರು.

"ಬಿಸಿಯಾಗ್ತಾ ಉಂಟಲ್ಲ!"

"ಗಟ್ಟಿಯಾಗುವಾಗ ಹಾಗೇ ಅಪ್ಪ. ಅಲ್ಲಾಡ್ಬೇಡಿ."

ಒಂದು ಭಾನುವಾರ ಅದು ಸರಿಯಾಗಿ ಕೂತಿತು. ಕತ್ತರಿಸಲು ಹೋದರೆ ಅಪ್ಪ ಕೈ ಹಿಂದಕ್ಕೆಳೆದುಕೊಂಡರು.

"ನಾಳೆ ತೆಗಿ. ಹೋಟೆಲಿನವ್ರು ನೋಡ್ಲಿ."

ಮರುವರ್ಷ ಸೀಟು ಸಿಕ್ಕಿತು. ಫೋನಿನಲ್ಲಿ ಹೇಳಿದಾಗ ಅಪ್ಪ ಹೋಟೆಲಿನವರನ್ನೆಲ್ಲ ಕೂಗಿ ಕರೆಯುವುದು ಕೇಳಿಸಿತು.