ನಾರಪ್ಪನ ವಾಚು ಏಲಕ್ಕೆ ಬಿದ್ದದ್ದು

ಸಾಯುವ ಹಿಂದಿನ ದಿನವೂ ನಾರಪ್ಪ ಎಂದಿನಂತೆಯೇ ಜಂಬ ಹೊಡೆದ. ತಮಿಳು ಸೀಮೆಯ ಆ ಕನ್ನಡದ ಊರಿನಲ್ಲಿ ನಂಗವಳ್ಳಿ ಬಸ್ಸಿಗೆ ಕಾದವರೆಲ್ಲರ ಕೈಯಲ್ಲೂ ಫೋನಿತ್ತು. ಆದರೂ "ಗಂಟೆ ಎಷ್ಟಾತು ಮಾಮಾ?" ಎಂದು ಅವನನ್ನೇ ಕೇಳಿದರು. ಕೇಳದಿದ್ದರೆ ಅವನೇ ಶುರು ಮಾಡುತ್ತಾನೆ, ವಾಚಿನ ಚರಿತ್ರೆಯನ್ನೂ ಸೇರಿಸಿ ಹೇಳುತ್ತಾನೆ ಎಂಬ ಭಯ.

ಅವನು ತೋಳು ಕೊಡವಿದ. ಚಿನ್ನದ ವಾಚು ಮಣಿಕಟ್ಟಿಗೆ ಇಳಿಯಿತು. ಬಿಸಿಲಿಗೆ ಹಿಡಿದು ನೋಡಿದ, ಎಲ್ಲರೂ ನೋಡಲಿ ಎಂದು ಇನ್ನೊಮ್ಮೆ ನೋಡಿದ.

"ಎಂಟಾಗಕೆ ಇನ್ನೂ ವಸಿ ಒತ್ತೈತೆ. ಕ್ವಾರ್ಟ್ಸು ಕಣ್ಲಾ ಇದು. ಕೀ ಕೊಡಂಗಿಲ್ಲ. ಒಳಗೆ ಕಲ್ಲೈತೆ, ಕಲ್ಲೇ ಓಡುತೈತೆ."

ಕಲ್ಲು ಹೇಗೆ ಓಡುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ. ಅವನು ಸಬ್ಬಕ್ಕಿ ಮಿಲ್ಲಿನ ಮೇಸ್ತ್ರಿ. ಹುಡುಗನಾಗಿದ್ದಾಗ ಒಮ್ಮೆ ಸಂಬಳ ಏರಿಸಿ ಎಂದು ಕೇಳಲು ಮಾಲೀಕನ ಮನೆಗೆ ಹೋಗಿದ್ದ. ಮಾಲೀಕ ಆಗಷ್ಟೇ ಹೊಸ ವಾಚು ಕೊಂಡಿದ್ದ. ಹಳೆಯದನ್ನು ಬಿಚ್ಚಿ ಇವನ ಕೈಗೆ ಕಟ್ಟಿದ. ನಾರಪ್ಪ ಕೈ ಮುಗಿದು ಬಂದ. ಸಂಬಳದ ಮಾತನ್ನು ಆಮೇಲೆ ಎತ್ತಲೇ ಇಲ್ಲ.

ವಾಚಿನ ಪಟ್ಟಿ ಕೊಂಡಿಗಳದ್ದು. ಬಿಚ್ಚುವಾಗೆಲ್ಲ ಕೈಕೂದಲು ಸಿಕ್ಕಿಕೊಳ್ಳುತ್ತಿತ್ತು. ಆ ಸಂಜೆಯೂ ಸಿಕ್ಕಿತು. ಹೆಂಡತಿ ಸಪ್ಪಲಮ್ಮ ಬಿಡಿಸಲು ಕೂತಳು.

"ಅಯ್ಯೋ, ಮೆಲ್ಲಕೆ ಕಣೇ!"

"ಸುಮ್ಕಿರು. ಸಂಬಳ ಮಿಲ್ಲಿನ ಮೊದ್ಲಾಳಿ ಕಿತ್ಕಂಡ, ಕೂದ್ಲು ಈ ವಾಚು ಕಿತ್ಕತೈತೆ. ನಿನ್ನತ್ರ ಇನ್ನೇನ್ ಉಳೀತೈತೆ?"

ಅವನು ನಕ್ಕ. ಮಾರನೆಯ ಬೆಳಗ್ಗೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತವನು ಏಳಲಿಲ್ಲ.

ಅವನ ಅಂಗಿ, ಪಂಚೆ, ಚಾಪೆ ಎಲ್ಲವನ್ನೂ ಅವನ ಜೊತೆಗೇ ಸುಟ್ಟರು. ಅದು ಪದ್ಧತಿ. ವಾಚನ್ನು ಮಾತ್ರ ಸುಡಲಿಲ್ಲ, ಅದಕ್ಕೆ ಬೇರೆ ಪದ್ಧತಿ ಇತ್ತು. ಸತ್ತವನ ಮೈಮೇಲಿದ್ದ ಬೆಲೆಯ ವಸ್ತುವನ್ನು ಕುಲದಮ್ಮನ ಗುಡಿಯಲ್ಲಿಟ್ಟು, ಕರ್ಮ ಮುಗಿದ ಮೇಲೆ ಕುಲದ ಗಂಡಸರ ನಡುವೆ ಏಲ ಹಾಕಬೇಕು. ಅಮ್ಮನ ಮುಂದೆ ದುಡ್ಡಿನ ಮಾತು ಬಾರದು. ಹಾಗಾಗಿ ದೀಪದ ಲೆಕ್ಕದಲ್ಲಿ ಕೂಗುತ್ತಾರೆ: ಒಂದು ತಿಂಗಳ ದೀಪ, ಒಂದು ವರ್ಷದ ದೀಪ. ಗೆದ್ದವನು ಅಷ್ಟು ಕಾಲ ದಿನಾ ಬೆಳಗಾಗೆದ್ದು ಗುಡಿಯ ದೀಪ ಹಚ್ಚಬೇಕು. ಹೆಂಗಸರು ಕೂಗುವಂತಿಲ್ಲ.

ಸಪ್ಪಲಮ್ಮನಿಗೆ ಆ ವಾಚು ಬೇಕಿತ್ತು. ಗಂಟೆ ನೋಡಲು ಅವಳಿಗೆ ಬಾರದು. ಕೊಂಡಿಗಳ ಸಂದಿನಲ್ಲಿ ಅವನ ಕೂದಲಿತ್ತು. ಅವನ ಮೈಯದು ಬೇರೇನೂ ಉಳಿದಿರಲಿಲ್ಲ.

ಮೈದುನ ತಿಮ್ಮರಾಜುವಿನ ಹತ್ತಿರ ಹೋದಳು. "ನಂಗೋಸ್ಕರ ಕೂಗಪ್ಪಾ. ಯಾರತ್ರಾನೂ ಏಳ್ಬ್ಯಾಡ."

"ಬುಡು ಅತ್ಗೆ, ನಾ ಇಲ್ವಾ?" ಎಂದ ಅವನು.

ಅವನು ಎದ್ದು ಹಲ್ಲುಜ್ಜುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ಅವನನ್ನು ನಂಬುವುದು ಹೇಗೆ? ದಾಯಾದಿಯ ಮಗ ಪ್ರಭಾಕರ್ ಓಮಲೂರಿನಲ್ಲಿ ಫೋನಿನ ಅಂಗಡಿ ಇಟ್ಟಿದ್ದ. ಅವನಿಗೂ ಅದನ್ನೇ ಹೇಳಿದಳು, ಯಾರತ್ರಾನೂ ಹೇಳಬೇಡ ಎಂದೂ ಹೇಳಿದಳು. "ಕವಲೆ ಪಡಾದೀಂಗ ದೊಡ್ಡಮ್ಮಾ", ಚಿಂತೆ ಮಾಡಬೇಡಿ ಎಂದು ಅವನು ತಮಿಳಿನಲ್ಲೇ ಧೈರ್ಯ ಕೊಟ್ಟ.

ಏಲದ ದಿನ ಗುಡಿಯ ಹಿರಿಯ ಚಿನ್ನಪ್ಪ ವಾಚನ್ನು ತಟ್ಟೆಯಲ್ಲಿಟ್ಟು ಎತ್ತಿ ತೋರಿಸಿದ. "ಸುದ್ದ ಚಿನ್ನ! ಫಾರಿನ್ ಕಲ್ಲು!" ಅದು ಬರೀ ಚಿನ್ನದ ನೀರು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರ ಕುತ್ತಿಗೆಯೂ ಮುಂದಕ್ಕೆ ಬಂತು.

ಒಂದು ವರ್ಷ ಎನ್ನುವಷ್ಟರಲ್ಲಿ ಉಳಿದವರು ಸುಮ್ಮನಾದರು. ಇಬ್ಬರು ನಿಲ್ಲಲಿಲ್ಲ.

"ಐದು ವರ್ಸ!" ಎಂದ ತಿಮ್ಮರಾಜು.

"ಅತ್ತು ವರ್ಸ!" ಎಂದ ಪ್ರಭಾಕರ್.

"ನಮ್ಮಣ್ಣನ ವಾಚು ನಿಂಗ್ಯಾಕಲಾ?"

"ನಿಂಗ್ಯಾಕೆ ಚಿಕ್ಕಪ್ಪಾ? ನೀನೆದ್ದು ಗಂಟೆ ನೋಡಿದ್ದು ಯಾವತ್ತು?"

ಜನ ನಕ್ಕರು. ತಿಮ್ಮರಾಜುವಿನ ಮೀಸೆ ಅದುರಿತು. "ನಾ ಬದುಕಿರೋಗಂಟ!"

"ನಾ ಬದುಕಿರೋಗಂಟ, ನನ್ಮಗ ಬದುಕಿರೋಗಂಟ!"

"ನಿಂಗಿನ್ನೂ ಮದ್ವೇನೇ ಆಗಿಲ್ವಲ್ಲೋ!" ಎಂದು ಯಾರೋ ಕೂಗಿದರು. ತಿಮ್ಮರಾಜು ಟವೆಲ್ ಸೊಂಟಕ್ಕೆ ಬಿಗಿದು ಮುಂದೆ ಬಂದ. ಯಾರಿಗಾಗಿ ಕೂಗುತ್ತಿದ್ದೇವೆ ಎಂಬುದು ಆ ಹೊತ್ತಿಗೆ ಇಬ್ಬರಿಗೂ ಮರೆತಿತ್ತು.

ಹೆಂಗಸರ ಸಾಲಿನಿಂದ ಸಪ್ಪಲಮ್ಮ ಎದ್ದಳು. "ನಿಲ್ಸ್ರಲಾ! ಇಬ್ರನ್ನೂ ಕೂಗಕೆ ಬುಟ್ಟಿದ್ದು ನಾನೇ. ನನ್ಮೇಲೆ ನಾನೇ ಏಲಂ ಏರುಸ್ತಾ ಕೂತಿವ್ನಿ."

ಚಿನ್ನಪ್ಪ ಗಂಟಲು ಸರಿಮಾಡಿಕೊಂಡ. "ಎಂಗಸರ ಮಾತು ಏಲಂಗೆ ಸೇರಲ್ಲಮ್ಮ. ಗೆದ್ದೋನು ಪ್ರಭಾಕರ. ನಾಳೆ ಕೋಳಿ ಕೂಗೋ ಒತ್ಗೆ ಬಂದು ದೀಪ ಅಚ್ಲಿ."

ಪ್ರಭಾಕರನ ಮುಖ ಇಳಿಯಿತು. "ನಾಳೇನಾ? ನಾನಿರೋದು ಓಮಲೂರ್ನಾಗೆ... ದೊಡ್ಡಮ್ಮಂಗೋಸ್ಕರ ಕೂಗಿದ್ದು ನಾನು. ಚಿಕ್ಕಪ್ಪನೇ ಇಟ್ಕಳ್ಲಿ."

"ನಾನ್ಯಾಕೆ? ನಾ ಸೋತೋನು," ಎಂದು ತಿಮ್ಮರಾಜು ಹಿಂದಕ್ಕೆ ಸರಿದ. ಸೋತದ್ದಕ್ಕೆ ಅಷ್ಟು ಖುಷಿಪಟ್ಟ ಗಂಡಸನ್ನು ಕುಲ ಕಂಡಿರಲಿಲ್ಲ.

"ವಾಚು ತನ್ನಿ. ನಾ ಬದುಕಿರೋಗಂಟ ನಾನೇ ಅಚ್ತೀನಿ," ಎಂದಳು ಸಪ್ಪಲಮ್ಮ.

"ತಾಳಿ ಇಲ್ದೋಳು ಅಮ್ಮನ ದೀಪ ಅಚ್ಚಬೌದಾ?" ಎಂದು ಒಬ್ಬ ಕೇಳಿದ.

"ಅಂಗಾದ್ರೆ ನೀನೇ ಬತ್ತೀಯಾ?" ಎಂದ ಚಿನ್ನಪ್ಪ.

ಅವನು ಫೋನ್ ತೆಗೆದು ನೋಡತೊಡಗಿದ. ಉಳಿದವರೂ ತಮ್ಮ ತಮ್ಮ ಫೋನ್ ತೆಗೆದರು. ಆಗ ಚಿನ್ನಪ್ಪನಿಗೆ, ತನ್ನ ಅಜ್ಜಿಯ ಕಾಲದಲ್ಲಿ ಗಂಡ ಸತ್ತವರೂ ದೀಪ ಹಚ್ಚುತ್ತಿದ್ದರು ಎಂಬುದು ನೆನಪಾಯಿತು. ಎಲ್ಲರೂ ಹೌದು ಹೌದು ಎಂದರು. ಆ ಪುರಾತನ ಪದ್ಧತಿ ಹುಟ್ಟಿದ್ದು ಆಗಲೇ.

ವಾಚನ್ನು ಅವಳ ಸೆರಗಿಗೆ ಹಾಕುತ್ತಾ ಚಿನ್ನಪ್ಪ ಹೇಳಿದ: "ಅಮ್ಮನ ಮುಂದೆ ಇಡೋ ವಸ್ತು ನೋಡು, ಸೋಪಾಕಿ ಬ್ರಶ್ನಲ್ಲಿ ನಾನೇ ಉಜ್ಜಿವ್ನಿ. ಸಂದಿ ಸಂದೀನೂ ಬುಟ್ಟಿಲ್ಲ. ಪಳಪಳ ಅಂತೈತೆ!"

ಸಪ್ಪಲಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಪಟ್ಟಿ ಬಗ್ಗಿಸಿ ಒಂದೊಂದೇ ಕೊಂಡಿ ನೋಡಿದಳು. ತಿರುಗಿಸಿ ಮತ್ತೆ ನೋಡಿದಳು. ಏನೂ ಇರಲಿಲ್ಲ.

ಆದರೆ ಮಾತು ಕೊಟ್ಟಾಗಿತ್ತು. ಈಗಲೂ ಊರು ಏಳುವ ಮೊದಲು ಗುಡಿಗೆ ಹೋಗುತ್ತಾಳೆ. ಹಿಂದಿನ ದಿನದ ಸುಟ್ಟ ಬತ್ತಿ ಕಿತ್ತು ಬಿಸಾಕುತ್ತಾಳೆ. ಹುಣಸೆಹುಳಿ ಹಚ್ಚಿ ದೀಪದ ಮಸಿ ತಿಕ್ಕುತ್ತಾಳೆ, ಒರೆಸುತ್ತಾಳೆ, ಎಣ್ಣೆ ಹೊಯ್ಯುತ್ತಾಳೆ, ಹೊಸ ಬತ್ತಿ ಹೊಸೆದು ಹಚ್ಚುತ್ತಾಳೆ.