ಕಾಗದದ ಕಿವಿಯೋಲೆ

ರೇಷ್ಮೆಗೆ ಹೆಸರಾದ ಮರ್ಗಿಲಾನಿನ ಪೇಟೆಬೀದಿಯಲ್ಲಿ ಫೋಜಿಲಾಳ ನಾಲಿಗೆಗೆ ಹೆದರದವರಿರಲಿಲ್ಲ. ರೇಷ್ಮೆಗೂಡು ಬೇಯಿಸುವ ಶೆಡ್ಡಿನಲ್ಲಿ ಕುದಿನೀರಿಗೆ ಕೈಯಿಟ್ಟು ನೂಲು ಬಿಚ್ಚುವುದು ಅವಳ ಕೆಲಸ. ಸೀಮೆಗೆಲ್ಲ ರೇಷ್ಮೆ ಎಳೆದುಕೊಟ್ಟರೂ ಅವಳ ಮೈಮೇಲಿದ್ದದ್ದು ತೇಪೆ ಹಾಕಿದ ಹತ್ತಿಯಂಗಿ. ಗಂಡ ಮಮಸೋಲಿ ಯುದ್ಧಕ್ಕೆ ಹೋಗಿ ಎರಡು ಚಳಿಗಾಲ ಕಳೆದಿದ್ದವು. ಮದುವೆಯಲ್ಲಿ ಅವನು ಕೊಟ್ಟಿದ್ದ ಹವಳದ ಓಲೆಗಳನ್ನು ಮೊದಲ ಚಳಿಗಾಲದಲ್ಲೇ ಸಂತೆಗೆ ಒಯ್ದು ಮಾರಿ, ಜೋಳದ ಹಿಟ್ಟು ತಂದು, ಅತ್ತೆಗೂ ಮಗಳಿಗೂ ಅಂಬಲಿ ಕಾಯಿಸಿದ್ದಳು. ಅತ್ತೆ ಉಳಿಯಲಿಲ್ಲ, ಮಗಳು ಉಳಿದಳು.

ಹಿಪ್ಪುನೇರಳೆ ಚಿಗುರುವ ಹೊತ್ತಿಗೆ ಶೆಡ್ಡಿಗೆ ಒಬ್ಬ ಚಿತ್ರಗಾರ ಬಂದ. ಹೆಸರು ಆರ್ಕಾದಿ. ಮುತ್ತಿಗೆ ಬಿದ್ದ ಲೆನಿನ್‌ಗ್ರಾದಿನಿಂದ ಜೀವ ಉಳಿಸಿಕೊಂಡು ಓಡಿಬಂದವನು. ಊದಿದರೆ ಹಾರಿಹೋಗುವಂಥ ಮೈ.

"ಅಕ್ಕಾ, ಸ್ವಲ್ಪ ಹೊತ್ತು ಬೆಳಕಿನ ಕಡೆ ಮುಖ ಮಾಡಿ ಕೂತ್ಕೋತೀರಾ?"

"ಯಾಕಪ್ಪ, ನನ್ನ ಮುಖದಲ್ಲಿ ಏನು ಹುಡುಕ್ತೀಯ? ಇಲ್ಲಿರೋದು ಹುಳದ ನಾತ ಒಂದೇ."

"ಸುಮ್ನೆ ಬೇಡ. ಅರ್ಧ ರೊಟ್ಟಿ ಕೊಡ್ತೀನಿ."

"ಹಂಗಾದ್ರೆ ಎರಡು ಕೆನ್ನೇನೂ ತೋರಿಸ್ತೀನಿ, ಬರ್ಕೋ."

ಅವನು ಬರೆದುಕೊಂಡ. ರೊಟ್ಟಿ ಅವನ ಪಾಲಿನದೇ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಬೇಡ ಎನ್ನಲಿಲ್ಲ.

ಹತ್ತಿ ಬಿತ್ತನೆ ಮುಗಿಯುತ್ತಿದ್ದಂತೆ ಶೆಡ್ಡಿನ ಬಾಗಿಲು, ಚಹಾದಂಗಡಿಯ ಗೋಡೆ, ಸ್ನಾನದ ಮನೆಯ ಕಂಬ, ಎಲ್ಲೆಂದರಲ್ಲಿ ಪೋಸ್ಟರ್ ಅಂಟಿಕೊಂಡವು. ಅದರಲ್ಲಿದ್ದವಳು ಫೋಜಿಲಾ. ಆದರೆ ಎಂಥ ಫೋಜಿಲಾ! ಬಣ್ಣಬಣ್ಣದ ಪಟ್ಟೆರೇಷ್ಮೆಯ ಅಂಗಿ, ಸೇಬಿನಂಥ ಕೆನ್ನೆ. ಒಂದು ಕಿವಿಯ ಓಲೆಯನ್ನು ಬಿಚ್ಚಿ ಸೈನಿಕನ ಟೊಪ್ಪಿಗೆಗೆ ಹಾಕುತ್ತಿದ್ದಾಳೆ. ಕೆಳಗೆ ಕೆಂಪಕ್ಷರ: 'ನಾನು ಕೊಟ್ಟೆ. ನೀನು?'

"ನನ್ನ ಕೆನ್ನೆಗೆ ಇಷ್ಟು ಮಾಂಸ ಯಾವ ಕಟುಕನ ಅಂಗಡಿಯಿಂದ ತಂದನೋ ಆ ಬಡಕಲ," ಎಂದಳು ಫೋಜಿಲಾ. ಶೆಡ್ಡಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದಕ್ಕೆ ಮುಂಚೆಯೂ ಪೋಸ್ಟರ್‌ಗಳಿಗೆ ಬರವಿರಲಿಲ್ಲ. ಬಿಗಿದ ಮುಷ್ಟಿ, ಬೆಂಕಿಯುಗುಳುವ ಟ್ಯಾಂಕು, ಕಬ್ಬಿಣದ ಟೊಪ್ಪಿಗೆ ತೊಟ್ಟ ಹಾವು, ಸರ್ಕಾರಕ್ಕೆ ಯುದ್ಧಸಾಲ ಕೊಡಿ, ಸಹಿ ಹಾಕಿ ಎಂದು ಬೆರಳು ತೋರಿಸುವ ಮೀಸೆಯವನು. ಜನ ಅವುಗಳ ಮುಂದೆ ಕತ್ತೆಗಳ ಹಾಗೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಆಡುಗಳು ಮಾತ್ರ ಹಿಂಬದಿಯ ಗಂಜಿಯ ಆಸೆಗೆ ನಿಂತು ಕಿತ್ತು ತಿನ್ನುತ್ತಿದ್ದವು. ಟ್ಯಾಂಕನ್ನು ಕಂಡವರು ಯಾರು? ಫೋಜಿಲಾಳನ್ನು ಮಾತ್ರ ಎಲ್ಲರೂ ಕಂಡಿದ್ದರು. ಸಂತೆಯಲ್ಲಿ ಕಾಸಿಗೆ ಕಾಸು ಜಗಳವಾಡುವವಳೇ ಓಲೆ ಬಿಚ್ಚಿದಳು ಅಂದಮೇಲೆ ಉಳಿದವರು ಏನು ಬಾಯಿಬಿಡಲು ಸಾಧ್ಯ?

ಮೊದಮೊದಲು ಇದರಿಂದ ಅವಳಿಗೆ ಲಾಭವೇ ಆಯಿತು. ರೊಟ್ಟಿಯ ಸಾಲಿನಲ್ಲಿ ಜನ ಸರಿದು ಜಾಗ ಬಿಟ್ಟರು. ಅವಳು ನಾಚದೆ ಮುಂದೆ ಹೋಗಿ ನಿಂತಳು. ನಿಜವಾದ ಓಲೆಗೆ ಸಂತೆಯಲ್ಲಿ ಸಿಗದ ಮರ್ಯಾದೆ ಕಾಗದದ್ದಕ್ಕೆ ಸಿಕ್ಕರೆ ತಾನೇಕೆ ಬೇಡವೆನ್ನಲಿ ಎಂದುಕೊಂಡಳು.

ಆಮೇಲೆ ಮೊಹಲ್ಲಾದ ಮುಖಂಡ ಜೂರಾಬೊಯ್ ಮನೆಗೇ ಬಂದ. ಸಾಲಪತ್ರ ಹಂಚುವುದು, ಸಹಿ ಹಾಕಿಸುವುದು ಅವನ ಹೊಣೆ. ಊರೆಲ್ಲ ಬಡಕಲಾಗಿದ್ದರೂ ಅವನ ಹೊಟ್ಟೆ ಮಾತ್ರ ನಡುಪಟ್ಟಿಯನ್ನು ದಾಟಿ ನಿಂತಿತ್ತು.

"ಫೋಜಿಲಾ, ಜನ ಕೇಳ್ತಿದ್ದಾರಮ್ಮ," ಎಂದು ರಾಗ ಎಳೆದ.

"ಏನಂತೆ ಜನಕ್ಕೆ?"

"ಚಿತ್ರದಲ್ಲಿ ಒಂದು ಕಿವೀದು ಬಿಚ್ಚಿದ್ದೀಯ. ಇನ್ನೊಂದು ಕಿವೀದು ಎಲ್ಲಿ ಅಂತ."

ಫೋಜಿಲಾ ಅವನನ್ನೇ ದಿಟ್ಟಿಸಿ ನೋಡಿದಳು. ತಮಾಷೆಯಲ್ಲ, ನಿಜವಾಗಿಯೇ ಕೇಳುತ್ತಿದ್ದ. ಅವಳು ತಲೆವಸ್ತ್ರ ಸರಿಸಿ ಎರಡೂ ಕಿವಿ ತೋರಿಸಿದಳು.

"ನೋಡ್ಕೋ ಜೂರಾಬೊಯಣ್ಣ. ತೂತು ಬೇಕಾದ್ರೆ ಎರಡಿವೆ, ತಗೊಂಡ್ಹೋಗು. ಓಲೆ ಬೇಕಂದ್ರೆ ಆ ಚಿತ್ರಗಾರನ ಹತ್ರ ಹೋಗು. ಇನ್ನಷ್ಟು ಬಣ್ಣ ಕಲಸಿ ಎಷ್ಟು ಜೊತೆ ಬೇಕೋ ಮಾಡ್ಕೊಡ್ತಾನೆ."

"ನಾಲಿಗೆ ಹಿಡೀ. ಗಂಡ ರಣರಂಗದಲ್ಲಿದ್ದಾನೆ, ಮಗಳು ಇಲ್ಲಿದ್ದಾಳೆ. ಯುದ್ಧನಿಧಿಯನ್ನ ಗೇಲಿ ಮಾಡಿದವರಿಗೆ ಏನಾಗ್ತದೆ ಗೊತ್ತಾ?"

ಗೊತ್ತಿತ್ತು. ಅವನು ಅವಳ ಒಂದು ತಿಂಗಳ ಕೂಲಿಯನ್ನು ಸಾಲಕ್ಕೆ ಬರೆದುಕೊಂಡು, 'ಸ್ವಯಂಪ್ರೇರಣೆಯಿಂದ' ಎಂದು ಓದಿ ಹೇಳಿ ಸಹಿ ಮಾಡಿಸಿಕೊಂಡು ಹೋದ. ಎಲ್ಲರಿಗೂ ಹಾಗೇ ಆಗುತ್ತಿತ್ತು.

ಅವಳನ್ನು ನಿಜಕ್ಕೂ ಸುಟ್ಟದ್ದು ಪಕ್ಕದ ಮನೆಯ ರೋಬಿಯಜ್ಜಿ. ಅಕ್ಷರ ಬಾರದ, ಒಬ್ಬನೇ ಮಗನನ್ನು ಯುದ್ಧಕ್ಕೆ ಕಳಿಸಿ ಹತ್ತಿಬೀಜದ ಹಿಂಡಿ ತಿಂದು ದಿನ ದೂಡುತ್ತಿದ್ದ ಮುದುಕಿ. ತೀರಿಹೋದ ಮಗಳ ಬೆಳ್ಳಿ ಬಳೆಗಳನ್ನು ಎದೆಗೆ ಕಟ್ಟಿಕೊಂಡೇ ಮಲಗುತ್ತಿದ್ದಳು. ಒಂದು ಬೆಳಗ್ಗೆ ಕಾಲುವೆಯ ಹತ್ತಿರ ಸಿಕ್ಕಿ, ಹಲ್ಲಿಲ್ಲದ ಬಾಯಗಲಿಸಿ ನಕ್ಕಳು.

"ಕೊಟ್ಟುಬಿಟ್ಟೆ ಕಣೇ."

"ಏನನ್ನ ಅಜ್ಜಿ?"

"ಬಳೆ. ನಮ್ಮ ಫೋಜಿಲಾನೇ ಕೊಟ್ಟಳಂತೆ, ನಾನ್ಯಾವ ದೊಡ್ಡವಳು ಅನ್ನಿಸ್ತು. ಜೂರಾಬೊಯ್ ಸಭೇಲಿ ಚಪ್ಪಾಳೆ ಹೊಡಿಸ್ದ."

ಫೋಜಿಲಾ ಅಜ್ಜಿಯ ತೋಳು ಹಿಡಿದಳು.

"ನಾನು ಕೊಡ್ಲಿಲ್ಲ ಅಜ್ಜಿ! ನನ್ನ ಓಲೆ ಎಂದೋ ಹಿಟ್ಟಾಗಿ ಹೊಟ್ಟೆಗೆ ಹೋಯ್ತು. ಅರ್ಧ ರೊಟ್ಟಿ ಆಸೆಗೆ ಕೂತಿದ್ದೆ, ಅಷ್ಟೇ. ಮಿಕ್ಕಿದ್ದೆಲ್ಲ ಸುಳ್ಳು."

"ದೃಷ್ಟಿ ಆಗ್ತದೆ ಅಂತ ಹಿಂಗಂತೀಯ. ಒಳ್ಳೇದೇ, ಪುಣ್ಯದ ಕೆಲಸ ಬಾಯಿಬಿಟ್ಟು ಹೇಳ್ಬಾರ್ದು."

"ಅಯ್ಯೋ, ನಾನೇ ಎದುರಿಗೆ ನಿಂತು ಹೇಳ್ತಿದ್ದೀನಲ್ಲ!"

"ಸರ್ಕಾರ ಅಷ್ಟು ದೊಡ್ಡದಾಗಿ ಅಚ್ಚು ಹಾಕಿಸಿದ್ದು ಸುಳ್ಳಾಗ್ತದೇನೆ?" ಮುದುಕಿಯ ನಗು ಮಾಯವಾಯಿತು. "ಹಂಗಾದ್ರೆ ನನ್ನ ಮಗಳ ಬಳೆ ಎಲ್ಲಿಗೆ ಹೋಯ್ತು? ನಾನೊಬ್ಬಳೇ ಹುಚ್ಚಿಯೇನು?"

ಫೋಜಿಲಾ ಆ ಮುಖವನ್ನು ನೋಡಿದಳು. ನಿಜ ಹೇಳಿದರೆ ಬಳೆಯಂತೂ ಹಿಂದಕ್ಕೆ ಬರುವುದಿಲ್ಲ, ಚಪ್ಪಾಳೆಯೂ ಹೋಗುತ್ತದೆ.

"ಇಲ್ಲ ಅಜ್ಜಿ," ಎಂದಳು ಕೊನೆಗೆ. "ಕೊಟ್ಟೆ. ನಾನೂ ಕೊಟ್ಟೆ."

ಅಲ್ಲಿಯವರೆಗೆ ಅವಳು ನಾಲ್ಕು ಜನರಿಗೆ ಜೋರಾಗಿ ಬಯ್ದವಳೇ ಹೊರತು ಸುಳ್ಳು ಹೇಳಿದವಳಲ್ಲ. ಅಂದಿನಿಂದ ಆ ಪೋಸ್ಟರಿನ ಮುಂದೆ ಹಾದುಹೋಗುವಾಗೆಲ್ಲ ಅವಳು ಉಗಿಯುತ್ತಿದ್ದಳು, ಯಾರೂ ಕಾಣದ ಹಾಗೆ ನೋಡಿಕೊಂಡು. ಉಗಿದದ್ದು ಚಿತ್ರಗಾರನಿಗೋ ಜೂರಾಬೊಯ್‌ಗೋ ತನಗೋ, ಅವಳಿಗೇ ತಿಳಿಯುತ್ತಿರಲಿಲ್ಲ.

ಯುದ್ಧ ಮುಗಿದ ವರ್ಷದ ಶರತ್ಕಾಲದಲ್ಲಿ ಮಮಸೋಲಿ ಒಂದು ಕೈಯ ಬೆರಳುಗಳನ್ನು ಕಳೆದುಕೊಂಡು ಮನೆಗೆ ಬಂದ. ಊಟಕ್ಕೆ ಕೂತವನು ಜೇಬಿನಿಂದ ಮಡಿಕೆ ಸವೆದ ಒಂದು ತುಂಡು ಪತ್ರಿಕೆ ತೆಗೆದ. ಅದೇ ಚಿತ್ರ, ಸಣ್ಣದಾಗಿ ಅಚ್ಚಾಗಿತ್ತು.

"ನಮ್ಮ ಪಡೆಯ ರಾಜಕೀಯ ಅಧಿಕಾರಿ ಇದನ್ನ ಎಲ್ಲರಿಗೂ ತೋರಿಸ್ದ. 'ನಿನ್ನ ಹೆಂಡ್ತೀನೇ ಅಲ್ವೇನೋ?' ಅಂದ. ಹೌದು ಅಂದೆ. 'ಹೆಂಡ್ತಿ ಓಲೆ ಕೊಟ್ಟಳು, ಗಂಡ ಏನು ಕೊಡ್ತಾನೆ?' ಅಂದ. ಮೂರು ತಿಂಗಳ ಸಂಬಳ ಬರೆದುಕೊಟ್ಟೆ."

ಫೋಜಿಲಾ ಸೌಟು ಕೆಳಗಿಟ್ಟಳು. "ಮೂರು ತಿಂಗಳದ್ದಾ?"

"ಮಾನದ ಪ್ರಶ್ನೆ ಕಣೇ. ಮೊದಲು ಸಿಟ್ಟು ಬಂತು, ನನ್ನ ಕೇಳದೆ ಕೊಟ್ಟಳಲ್ಲ ಅಂತ. ಆಮೇಲೆ ಹೆಮ್ಮೆ ಆಯ್ತು."

"ಅಯ್ಯೋ ದಡ್ಡಾ! ಓಲೆ ಮಾರಿ ನಿಮ್ಮಮ್ಮನಿಗೆ ಅಂಬಲಿ ಕಾಯಿಸ್ದೆ. ನನ್ನ ಮುಖ ತೋರಿಸಿ ನನ್ನ ಮನೇನೇ ದೋಚಿದ್ರಲ್ಲೋ!"

ಅವಳಿಗೆ ನಗು ಬಂತು. ತಡೆಯಲಾರದೆ ಒಲೆಯ ಪಕ್ಕದಲ್ಲಿ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಮಸೋಲಿ ನಗಲಿಲ್ಲ.

"ಅಲ್ಲಿ ಹಿಮದಲ್ಲಿ ಕೂತು ಈ ಕೆನ್ನೆ ನೋಡ್ತಿದ್ದೆ," ಎಂದ ಮೆಲ್ಲಗೆ. "ಮನೇಲಿ ಊಟಕ್ಕೆ ಕೊರತೆ ಇಲ್ಲ ಅಂದ್ಕೊಂಡೆ. ನಿದ್ದೆ ಬರ್ತಿತ್ತು."

ಫೋಜಿಲಾ ಎದ್ದಳು. ಅವನ ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದಳು.

ರೋಬಿಯಜ್ಜಿಯ ಮಗ ಬರಲಿಲ್ಲ. ಅಜ್ಜಿ ಸಾಯುವವರೆಗೂ ಗಂಡಹೆಂಡಿರು ಅವಳ ಮುಂದೆ ಓಲೆಯ ಮಾತೆತ್ತಲಿಲ್ಲ. ಜೂರಾಬೊಯ್ ಮೇಲಿನ ಹುದ್ದೆಗೆ ಹೋದ. ಮರುವರ್ಷ ಊರುಕೇರಿ ಮತ್ತೆ ಕಟ್ಟಲೆಂದು ಹೊಸ ಸಾಲ ಬಂತು, ಬೇರೊಬ್ಬ ಹೆಂಗಸಿನ ಮುಖವಿದ್ದ ಹೊಸ ಪೋಸ್ಟರ್ ಬಂತು. ಶೆಡ್ಡಿನ ಹೆಂಗಸರು ಬಾಗಿಲಲ್ಲಿ ಗುಂಪುಗೂಡಿ, ಇವಳ್ಯಾರಿರಬಹುದು, ಯಾವ ಊರಿನವಳಿರಬಹುದು ಎಂದು ವಾದಕ್ಕೆ ಬಿದ್ದಿದ್ದರು.

"ಸರೀರೇ ಆ ಕಡೆ," ಎಂದು ಫೋಜಿಲಾ ಮೊಣಕೈಯಿಂದ ತಿವಿದು ಒಳಗೆ ನಡೆದಳು. "ಗೂಡು ಬೆಂದು ಹಿಟ್ಟಾಗ್ತಿವೆ."